ಅರವತ್ತಮೂರನೆಯ ವಾಲ್ವ್ ಮತ್ತು ನಮ್ಮ ಪೈಪಣ್ಣನವರು

ಆಸ್ಪತ್ರೆಗಳ ಚರಿತ್ರೆ ಬರೆಯಲು ಹೊರಟವರು ಮೊದಲು ವೈದ್ಯರನ್ನೂ ಆಮೇಲೆ ದಾನಿಗಳನ್ನೂ, ಪುಟದಲ್ಲಿ ಜಾಗ ಮಿಕ್ಕರೆ ದಾದಿಯರನ್ನೂ ನೆನೆಯುವುದು ವಾಡಿಕೆ. ಗೋಡೆಯೊಳಗೆ ಹರಿಯುವ ನೀರು, ಬಿಸಿನೀರು, ಆಮ್ಲಜನಕಗಳನ್ನು ಕಾಯ್ದುಕೊಂಡು ಬಂದವರದೂ ಒಂದು ಕ್ಷೇತ್ರವೆಂಬುದು, ಅದರಲ್ಲಿಯೂ ಸಾಧಕರಿದ್ದಾರೆಂಬುದು, ನಲ್ಲಿ ನಿಂತುಹೋಗುವ ತನಕ ಯಾರಿಗೂ ಹೊಳೆಯುವುದಿಲ್ಲ. ಆ ಕ್ಷೇತ್ರದಲ್ಲಿ ಮೂರು ದಶಕಗಳಿಗೂ ಮೀರಿ ದುಡಿದು, ನಮ್ಮ ಬಡಾವಣೆಯ ಆಸ್ಪತ್ರೆ ಎಂಟು ಮಂಚಗಳಿಂದ ಇನ್ನೂರಹತ್ತು ಮಂಚಗಳವರೆಗೆ ಬೆಳೆಯುವುದನ್ನು ಗೋಡೆಯ ಒಳಗಿನಿಂದಲೇ ಕಂಡ ಶ್ರೀಯುತ ಪೈಪಣ್ಣನವರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಅವರ ಸೇವೆ ಮೂವತ್ತಮೂರು ವರ್ಷವೆಂದು ಕಚೇರಿ ಹೇಳುತ್ತದೆ, ಮೂವತ್ತನಾಲ್ಕೆಂದು ಅವರು ಹೇಳುತ್ತಾರೆ, ಆಸ್ಪತ್ರೆಗೆ ಮೊದಲು ಬಂದ ಹಿರಿಯ ಡಾಕ್ಟರಮ್ಮನವರನ್ನು ಕೇಳಿದರೆ ಮೂವತ್ತೈದಕ್ಕೆ ಒಂದು ದಿನವೂ ಕಡಿಮೆಯಿಲ್ಲ ಎನ್ನುತ್ತಾರೆ. ನವಜಾತ ಶಿಶುಗಳ ವಾರ್ಡಿನ ಸಿಸ್ಟರ್ ಆಗಿರುವ ಈ ಲೇಖಕಿ ಮೂವರ ಲೆಕ್ಕವನ್ನೂ ಕೇಳಿ ತಲೆ ಕೆರೆದುಕೊಂಡು, ಕೊನೆಗೆ ಮೂರನ್ನೂ ಬರೆದಿಟ್ಟಳು.

ಗೊಂದಲದಿಂದಲೇ ಆರಂಭವಾದ ಈ ಲೇಖನದಲ್ಲಿ ಮುಂದೆಯೂ ಗೊಂದಲವೇ ಹೆಚ್ಚು. ಅದಕ್ಕೆ ಕಾರಣವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈ ಆಸ್ಪತ್ರೆಯಲ್ಲಿ ಅರವತ್ತಮೂರು ವಾಲ್ವ್‌ಗಳಿವೆ. ಪೈಪಣ್ಣನವರಿಗೆ ಅರವತ್ತೆರಡು ಗೊತ್ತಿದ್ದವು. ಗೊತ್ತಿಲ್ಲದ ಆ ಒಂದನ್ನು ಅವರು ಇಪ್ಪತ್ತೊಂದು ವರ್ಷ ಯಾರಿಗೂ ಹೇಳದೆ ಎದೆಯಲ್ಲಿಟ್ಟುಕೊಂಡಿದ್ದರು. ನಿವೃತ್ತಿಗೆ ಮೂರು ವಾರ ಉಳಿದಿದ್ದಾಗ ನಾಲ್ಕು ಹಸುಗೂಸುಗಳ ಉಸಿರು ಆ ಒಂದರ ಮೇಲೆ ಬಂದು ನಿಂತಿತು. ಈ ಸಂಗತಿಯನ್ನು ಅವರ ಈ ಅಭಿನಂದನ ಗ್ರಂಥದಲ್ಲಿ ಬರೆಯುವುದು ಬೇಡವೆಂದು ಆಸ್ಪತ್ರೆ ಸಮಿತಿಯ ಕೆಲವರು ಸೌಜನ್ಯದಿಂದಲೇ ಸೂಚಿಸಿದರು. ಬರೆಯಲೇಬೇಕೆಂದು ಹಟ ಹಿಡಿದವರು ಸ್ವತಃ ಪೈಪಣ್ಣನವರು. "ಅದನ್ನೇ ಬರೀರಿ ಸಿಸ್ಟರ್. ಮಿಕ್ಕಿದ್ದೆಲ್ಲ ನಲ್ಲಿ ರಿಪೇರಿ" ಎಂದರು.

ನಲ್ಲಿ ರಿಪೇರಿಯಿಂದಲೇ ಆರಂಭಿಸೋಣ. ಬಸ್ಸಿನ ಕೊನೆಯ ನಿಲ್ದಾಣದಾಚೆಗೆ ಮನೆಗಳು ಎದ್ದು ಬಡಾವಣೆಯಾದಾಗ ಇಲ್ಲಿಯವರು ಹೆರಿಗೆಗೂ ಜ್ವರಕ್ಕೂ ಎರಡು ಬಸ್ಸು ಬದಲಿಸಿ ದೊಡ್ಡಾಸ್ಪತ್ರೆಗೆ ಹೋಗಬೇಕಾಗಿತ್ತು. ಬೀದಿಬೀದಿಯವರು ಸೇರಿ ಸಮಿತಿ ಮಾಡಿ, ಮುಚ್ಚಿಹೋಗಿದ್ದ ಬಿಸ್ಕತ್ತು ಕಾರ್ಖಾನೆಯ ಕಚೇರಿ ಕಟ್ಟಡವನ್ನು ಹಿಡಿದು, ಎಂಟು ಮಂಚ ಹಾಕಿಸಿ, ಹಿರಿಯ ಡಾಕ್ಟರಮ್ಮನವರನ್ನು ಕಾಡಿ ಬೇಡಿ ಕರೆತಂದರು. ಮೊದಲ ವಾರವೇ ಹೆರಿಗೆ ಕೋಣೆಯ ನಲ್ಲಿ ನಿಲ್ಲದೆ ಸುರಿಯತೊಡಗಿತು. ಪಕ್ಕದ ಬೀದಿಯಲ್ಲಿ ಪೈಪು ಜೋಡಿಸುತ್ತಿದ್ದ ಯುವಕನೊಬ್ಬನನ್ನು ಕರೆಸಿದರು. ಆತ ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು ಹೊರಟಾಗ ಡಾಕ್ಟರಮ್ಮ "ನಾಳೆನೂ ಬರ್ತೀರೇನಪ್ಪಾ?" ಎಂದು ಕೇಳಿದರಂತೆ. ಆತ ಬಂದ. ಪೈಪಣ್ಣನವರ ನೇಮಕಾತಿ ಆದೇಶ ಅದೊಂದೇ ಮಾತು. ಕಚೇರಿಯ ಲೆಕ್ಕಕ್ಕೂ ಅವರ ಲೆಕ್ಕಕ್ಕೂ ಹೊಂದಾಣಿಕೆಯಾಗದಿರುವುದು ಬಹುಶಃ ಇದರಿಂದಲೇ ಇರಬೇಕು.

ಆಮೇಲೆ ಆಸ್ಪತ್ರೆ ಬೆಳೆಯಿತು. ಬೆಳೆಯಿತು ಎನ್ನುವುದಕ್ಕಿಂತ ಸಿಕ್ಕಸಿಕ್ಕ ಕಡೆಗೆ ಹಬ್ಬಿಕೊಂಡಿತು ಎನ್ನುವುದೇ ಸರಿ. ಸಮಿತಿಗೆ ಅಧ್ಯಕ್ಷರಾಗಿ ಬಂದವರೆಲ್ಲ ತಮ್ಮ ಕಾಲದಲ್ಲೊಂದು ಕಟ್ಟಡ ಏಳಲೇಬೇಕೆಂದು ಬಯಸಿದರು. ಎದ್ದ ಕಟ್ಟಡಕ್ಕೆ ಹಳೆಯದನ್ನು ಹೇಗೋ ಒಂದು ಮೊಳಕೈಯಷ್ಟು ಓಣಿಯಿಂದ ಅಂಟಿಸಿದರು. ಏಳನೆಯ ನಂಬರಿನ ಕೋಣೆಗಳು ಇವತ್ತಿಗೂ ಮೂರಿವೆ. ಎಕ್ಸ್‌ರೇ ಕೋಣೆಯ ಪಕ್ಕದ ಮೆಟ್ಟಿಲು ಹದಿನಾಲ್ಕು ಹೆಜ್ಜೆ ಏರಿ ಗೋಡೆಗೆ ಮುಟ್ಟಿ ನಿಲ್ಲುತ್ತದೆ, ಯಾಕೆಂದು ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ಹೊರಗೆ ತೆರೆಯಬೇಕಾಗಿದ್ದ ನಾಲ್ಕು ಕಿಟಕಿಗಳು ಈಗ ಲಾಂಡ್ರಿಯೊಳಕ್ಕೆ ತೆರೆಯುತ್ತವೆ. ಪೈಪುಗಳ ಕಥೆಯಂತೂ ಕೇಳುವುದೇ ಬೇಡ. ಗೋಡೆಗೆ ಬಳಿದು ಮಿಕ್ಕ ಬಣ್ಣವನ್ನೇ ಪೈಪಿಗೂ ಬಳಿಯುವ ಪದ್ಧತಿ ಮೊದಲ ಅಧ್ಯಕ್ಷರ ಕಾಲದಿಂದಲೂ ನಡೆದುಬಂದದ್ದರಿಂದ, ನೀರಿನ ಪೈಪೂ ಆಮ್ಲಜನಕದ ಪೈಪೂ ಒಂದು ಕಟ್ಟಡದಲ್ಲಿ ಪಿಸ್ತಾ ಹಸಿರು, ಇನ್ನೊಂದರಲ್ಲಿ ಕೆನೆ ಬಣ್ಣ. ಯಾವುದು ಯಾವುದೆಂದು ಬಲ್ಲವರು ಪೈಪಣ್ಣನವರೊಬ್ಬರೇ. ಎಲ್ಲಿಯೂ ಬರೆದಿಟ್ಟಿರಲಿಲ್ಲ. ಯಾರೂ ಬರೆದಿಡಿ ಎನ್ನಲೂ ಇಲ್ಲ, ಅವರೇ ಇದ್ದರಲ್ಲ.

ಅವರ ಉಪಕಾರಗಳನ್ನು ಒಂದೊಂದಾಗಿ ಹೇಳುತ್ತಾ ಹೋದರೆ ಈ ಗ್ರಂಥ ಸಾಲದು. ಬಾಯ್ಲರ್ ಕೆಟ್ಟ ದಿನ ಅಡುಗೆಮನೆಯಿಂದ ನಮ್ಮ ವಾರ್ಡಿನವರೆಗೆ ಮಕ್ಕಳ ಸ್ನಾನದ ಬಿಸಿನೀರನ್ನು ಇಪ್ಪತ್ತೆರಡು ಬಾರಿ ಹೊತ್ತು ತಂದವರು ಅವರು. ಕಿರುಗುಟ್ಟುವ ಟ್ರಾಲಿಯ ಚಕ್ರಗಳಿಗೆ ಹೇಳಿಸಿಕೊಳ್ಳದೆ ಎಣ್ಣೆ ಬಿಟ್ಟವರು ಅವರು. ಹೆರಿಗೆ ಕೋಣೆಯ ಹೊರಗೆ ಕೈಕಾಲು ಆಡದೆ ಅತ್ತಿಂದಿತ್ತ ತಿರುಗುವ ಗಂಡಂದಿರನ್ನು ಕಂಡರೆ, ಎಲ್ಲೋ ಒಂದು ಪೈಪಿನ ಬಳಿಗೆ ಕರೆದುಕೊಂಡು ಹೋಗಿ, "ಈ ಪಾನಾ ಸ್ವಲ್ಪ ಬಿಗಿಯಾಗಿ ಹಿಡ್ಕೊಳ್ಳಿ ಸ್ವಾಮಿ, ಬಿಟ್ರೆ ನೀರು ನುಗ್ಗತ್ತೆ" ಎನ್ನುತ್ತಿದ್ದರು. ನೀರೂ ಇಲ್ಲ, ನುಗ್ಗುವುದೂ ಇಲ್ಲ. ಆ ಮನುಷ್ಯ ಮಾತ್ರ ಮಗು ಅಳುವವರೆಗೂ ಪಾನಾ ಬಿಡದೆ ನಿಂತಿರುತ್ತಿದ್ದ. ಈ ಲೇಖಕಿಯ ಗಂಡನೂ ಹಾಗೆಯೇ ಒಂದೂಮುಕ್ಕಾಲು ಗಂಟೆ ನಿಂತಿದ್ದವರು. ನಿಜಸಂಗತಿ ಹೇಳಿದರೆ ಇವತ್ತಿಗೂ ನಂಬುವುದಿಲ್ಲ.

ಇನ್ನು ಆ ವಾಲ್ವ್ ವಿಷಯ. ಇಪ್ಪತ್ತೊಂದು ವರ್ಷದ ಹಿಂದೆ ನವಜಾತ ಶಿಶುಗಳ ವಾರ್ಡು ಕಟ್ಟುತ್ತಿದ್ದಾಗ ಪೈಪಣ್ಣನವರಿಗೆ ಕಾಮಾಲೆಯಾಗಿ, ಇದೇ ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ಹತ್ತೊಂಬತ್ತು ದಿನ ಮಲಗಿದರು. ಇಡೀ ಸೇವಾವಧಿಯಲ್ಲಿ ಅವರು ಕೆಲಸ ತಪ್ಪಿಸಿದ್ದು ಅಷ್ಟೇ ದಿನ. ಗೋಡೆಯಾಚೆ ಯಾರೋ ಕೊರೆಯುವ, ಬಡಿಯುವ ಸದ್ದು ಕೇಳುತ್ತಿತ್ತಂತೆ, ಏಳಲು ಡಾಕ್ಟರಮ್ಮ ಬಿಡಲಿಲ್ಲವಂತೆ. ಹೊರಗಿನಿಂದ ಬಂದ ಗುತ್ತಿಗೆಯವರು ಆಮ್ಲಜನಕದ ಪೈಪು ಹಾಕಿ, ನಕ್ಷೆಯನ್ನು ತಮ್ಮ ಜೊತೆಗೇ ತೆಗೆದುಕೊಂಡು ಹೊರಟುಹೋಗಿದ್ದರು. ಎದ್ದು ಬಂದು ನೋಡಿದರೆ ಲಾಂಡ್ರಿಯ ಹಿಂಗೋಡೆಯ ಮೇಲೆ ಮುಂಚೆ ಇಲ್ಲದ ಹಿತ್ತಾಳೆಯ ವಾಲ್ವ್ ಒಂದು ಕೂತಿದೆ! ಅದರಿಂದ ಹೊರಟ ಪೈಪು ಎರಡು ಕಟ್ಟಡಗಳ ನಡುವಿನ ಗೋಡೆಯೊಳಗೆ ನುಗ್ಗಿ ಮಾಯವಾಗುತ್ತಿತ್ತು. ಆ ಕಡೆಯಿಂದ ಹೊರಬರುವ ಐದು ಪೈಪುಗಳಲ್ಲಿ ಅದು ಯಾವುದೋ, ಅಥವಾ ಅವುಗಳಲ್ಲಿ ಯಾವುದೂ ಅಲ್ಲವೋ, ತಲೆಬುಡ ಅರ್ಥವಾಗಲಿಲ್ಲ. ಆಗಿನ ಕಾರ್ಯದರ್ಶಿಗಳನ್ನು ಕೇಳಲು ಹೋದರು. "ಇದೇನಿದು ಹೊಸದು?" ಎಂದು ಬಾಯಿ ತೆರೆಯುವಷ್ಟರಲ್ಲಿಯೇ ಅವರು ಹೆಗಲು ತಟ್ಟಿ, "ನಿಮಗೆ ಗೊತ್ತಿಲ್ದೆ ಇರೋದು ಇಲ್ಲೇನಿದೆ ಪೈಪಣ್ಣ!" ಎಂದು ಗಟ್ಟಿಯಾಗಿ ನಕ್ಕರು. ಸುತ್ತ ಕೂತಿದ್ದವರೂ ನಕ್ಕರು. ಪೈಪಣ್ಣನವರ ಬಾಯಿಗೆ ಅಲ್ಲಿಗೆ ಬೀಗ ಬಿತ್ತು.

ಮರುದಿನದಿಂದ ಅವರು ಪ್ರತಿದಿನ ಬೆಳಿಗ್ಗೆ ಆ ವಾಲ್ವನ್ನು ಬಟ್ಟೆಯಿಂದ ಒರೆಸತೊಡಗಿದರು, ತಿರುಗಿಸಲು ಮಾತ್ರ ಕೈ ಬರಲಿಲ್ಲ. ಅವರು ಅಷ್ಟು ಜತನದಿಂದ ಒರೆಸುವುದನ್ನು ಕಂಡು ಲಾಂಡ್ರಿಯವರು ಅದು ಆಸ್ಪತ್ರೆಯ ಅತಿ ಮುಖ್ಯವಾದ ವಾಲ್ವ್ ಇರಬೇಕೆಂದು ತಿಳಿದು, ಅದರ ಮೇಲೆ ಬಟ್ಟೆ ಒಣಹಾಕುವುದನ್ನು ಬಿಟ್ಟರು. ನಮ್ಮ ವಾರ್ಡಿಗೆ ಆಮ್ಲಜನಕ ಬರುವುದು ಹಳೆ ಕಟ್ಟಡದ ಮೆಟ್ಟಿಲ ಕೆಳಗಿನ ವಾಲ್ವಿನಿಂದ ಎಂದು ಎಲ್ಲರೂ ನಂಬಿದ್ದೆವು. ಪೈಪಣ್ಣನವರೂ ಹಾಗೆಯೇ ನಂಬಿದ್ದರು, ಅಥವಾ ನಂಬಲು ಪ್ರಯತ್ನಿಸುತ್ತಿದ್ದರು.

ಹೀಗಿರುವಾಗ ಈ ವರ್ಷ ಐದು ಮಹಡಿಯ ಹೊಸ ಕಟ್ಟಡಕ್ಕೆ ಅನುಮತಿ ಸಿಕ್ಕಿತು. ಅದಕ್ಕಾಗಿ ಲಾಂಡ್ರಿಯನ್ನು ಕೆಡವಬೇಕು. ಹೊಸದಾಗಿ ಬಂದ ಎಂಜಿನಿಯರ್ ಮೇಡಂ ಶಿಸ್ತಿನವರು. ಪೈಪಣ್ಣನವರು ಹೋಗುವ ಮುನ್ನ ಅವರ ತಲೆಯಲ್ಲಿರುವುದೆಲ್ಲ ನಕ್ಷೆಗಿಳಿಯಬೇಕೆಂದು ಹಟ ಹಿಡಿದು, ಅವರ ಹಿಂದೆಯೇ ಹನ್ನೊಂದು ದಿನ ಓಡಾಡಿ ಅರವತ್ತೆರಡು ವಾಲ್ವ್‌ಗಳನ್ನು ಗುರುತು ಹಾಕಿಕೊಂಡರು. ಲಾಂಡ್ರಿಯ ಹಿಂದೆ ಬಂದು ನಿಂತಾಗ ಪೈಪಣ್ಣನವರು "ಇದನ್ನು ಮೀಟಿಂಗಲ್ಲಿ ಹೇಳ್ತೀನಿ ಮೇಡಂ" ಎಂದಷ್ಟೇ ಅಂದರು.

ಮೀಟಿಂಗಿನಲ್ಲಿ ಡಾಕ್ಟರುಗಳು, ಸಿಸ್ಟರುಗಳು, ಸಮಿತಿಯವರು ಎಲ್ಲ ಇದ್ದರು. ಬೀಳ್ಕೊಡುಗೆಗೆ ಯಾವ ಬಣ್ಣದ ಶಾಲು ಎಂಬ ಚರ್ಚೆ ಮುಗಿದಿತ್ತು. ಪೈಪಣ್ಣನವರು ಎದ್ದು ನಿಂತರು. "ಲಾಂಡ್ರಿ ಹಿಂದಿನ ವಾಲ್ವು ಎಲ್ಲಿಗೆ ಹೋಗತ್ತೆ ಅಂತ ನಂಗೆ ಗೊತ್ತಿಲ್ಲ" ಎಂದರು. ಇಬ್ಬರು ನಕ್ಕರು, ತಮಾಷೆಯೆಂದುಕೊಂಡು. ಮಿಕ್ಕವರು ಮುಖ ಮುಖ ನೋಡಿಕೊಂಡರು. "ಒಂದಿನಾನೂ ಗೊತ್ತಿರ್ಲಿಲ್ಲ. ಗೊತ್ತಾಗೋವರ್ಗೂ ಶಾಲು ಗೀಲು ಬೇಡ" ಎಂದು ಕೂತುಬಿಟ್ಟರು. ಈ ಲೇಖಕಿಗೆ ತನ್ನ ಕಾಲ ಕೆಳಗಿನ ನೆಲವೇ ಕೊಂಚ ಸರಿದಂತಾಯಿತು. ಅವರಿಗೇ ಗೊತ್ತಿಲ್ಲವೆಂದರೆ ಈ ಕಟ್ಟಡದಲ್ಲಿ ಇನ್ನಾರಿಗೆ ಏನು ಗೊತ್ತು ಎಂಬ ದಿಗಿಲು ಆವತ್ತು ಇಡೀ ಆಸ್ಪತ್ರೆಯಲ್ಲಿ ಓಡಾಡಿತು.

ಎಂಜಿನಿಯರ್ ಮೇಡಂ ಮಾತ್ರ ಎದೆಗುಂದಲಿಲ್ಲ. ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಪ್ರತಿಯೊಂದು ವಾರ್ಡಿನಲ್ಲಿಯೂ ಒಬ್ಬರು ಫೋನು ಹಿಡಿದು ಆಮ್ಲಜನಕದ ಮೀಟರಿನ ಮುಂದೆ ನಿಲ್ಲಬೇಕು, ಪೈಪಣ್ಣನವರು ಕಾಲು ಗಂಟೆ ವಾಲ್ವ್ ಮುಚ್ಚುತ್ತಾರೆ, ಎಲ್ಲಿ ನಿಲ್ಲುತ್ತದೋ ಅಲ್ಲಿಯವರು ಕೂಗಬೇಕು, ರೋಗಿಗಳಿಗೆ ತೊಂದರೆಯಾಗದಂತೆ ಸಿಲಿಂಡರ್ ಪಕ್ಕದಲ್ಲಿಯೇ ಇರಬೇಕು ಎಂದು ಏರ್ಪಾಡು ಮಾಡಿದರು. ಇದಕ್ಕಿಂತ ಸರಳವಾದ ಉಪಾಯ ಬೇರೊಂದಿಲ್ಲ.

ನಮ್ಮ ವಾರ್ಡಿನಲ್ಲಿ ಅಂದು ನಾಲ್ಕು ಮಕ್ಕಳು ಆಮ್ಲಜನಕದ ಮೇಲಿದ್ದವು. ಅವುಗಳಲ್ಲೊಂದು ಒಂದು ಕೆಜಿ ಇನ್ನೂರು ಗ್ರಾಮಿನದು, ಅಂಗೈಯಗಲದ ಹೆಣ್ಣುಮಗು. ಈ ಲೇಖಕಿ ಜಾಣೆ. ಸಿಲಿಂಡರ್ ಪಕ್ಕದಲ್ಲಿದ್ದರೆ ಸಾಕೆಂದು ಹೇಳಿದ್ದರೂ, ಯಾಕೆ ಬೇಕು ಅಪಾಯವೆಂದು ಹತ್ತೂವರೆಗೇ ನಾಲ್ಕೂ ಮಕ್ಕಳನ್ನು ಗೋಡೆಯಿಂದ ಬಿಡಿಸಿ ಸಿಲಿಂಡರಿಗೆ ಹಾಕಿ, ಗೋಡೆಯ ಮೀಟರುಗಳ ತಿರುಪನ್ನು ಬಿಗಿಯಾಗಿ ಮುಚ್ಚಿದಳು. ಮೀಟರಿನ ಗಾಜಿನ ಕೊಳವೆಯಲ್ಲಿ ಒಂದು ಪುಟ್ಟ ಗುಂಡು ಇರುತ್ತದೆ. ಗಾಳಿ ಹರಿಯುತ್ತಿದ್ದರೆ ಮೇಲೆ ತೇಲುತ್ತದೆ, ನಿಂತರೆ ಕೆಳಗೆ ಕೂರುತ್ತದೆ. ತಿರುಪನ್ನೇ ಮುಚ್ಚಿದ ಮೇಲೆ ಅದು ಕೆಳಗಲ್ಲದೆ ಇನ್ನೆಲ್ಲಿರುತ್ತದೆ? ಹನ್ನೊಂದು ಗಂಟೆಗೆ ಆ ಗುಂಡನ್ನು ಕಣ್ಣು ಮಿಟುಕಿಸದೆ ನೋಡುತ್ತಾ ಈ ಲೇಖಕಿ ಫೋನಿನಲ್ಲಿ ಹೇಳಿದಳು: "ಇಲ್ಲಿ ಎಲ್ಲ ಸರಿಯಾಗಿದೆ."

ಎಲ್ಲ ವಾರ್ಡುಗಳಿಂದಲೂ ಅದೇ ಮಾತು ಬಂತು. ಎಲ್ಲ ವಾರ್ಡಿನವರೂ ಅದೇ ಜಾಣತನವನ್ನು ಮಾಡಿದ್ದರು ಎಂದು ಯಾರಿಗೆ ಗೊತ್ತು! ಮೀಟರಿನ ಮುಂದೆ ನಿಂತಿದ್ದರೂ ನಮ್ಮ ಗಮನವೆಲ್ಲ ರೋಗಿಯ ಮೇಲೆಯೇ ಇತ್ತು, ರೋಗಿ ಚೆನ್ನಾಗಿದ್ದಾರೆ ಎಂದೆವು. ಆಸ್ಪತ್ರೆಯವರಲ್ಲದೆ ಬೇರಾರೂ ಇಂಥ ತಪ್ಪು ಮಾಡಲಾರರು. ಎಂಜಿನಿಯರ್ ಮೇಡಂ ನಕ್ಷೆಯಲ್ಲಿ ಆ ವಾಲ್ವಿನ ಮುಂದೆ "ಬಳಕೆಯಲ್ಲಿಲ್ಲ" ಎಂದು ಬರೆದರು. ಶುಕ್ರವಾರ ಹತ್ತು ಗಂಟೆಗೆ ಪೈಪು ಕತ್ತರಿಸಿ, ಮಧ್ಯಾಹ್ನ ಗೋಡೆ ಕೆಡವುವುದೆಂದು ನಿಶ್ಚಯವಾಯಿತು. ಇಪ್ಪತ್ತೊಂದು ವರ್ಷ ಏನೂ ಇಲ್ಲದ್ದಕ್ಕೆ ಹೆದರಿಕೊಂಡಿದ್ದಿರಲ್ಲ ಎಂದು ಎಲ್ಲರೂ ಪೈಪಣ್ಣನವರನ್ನು ಛೇಡಿಸಿದರು.

ಅವರು ನಗಲಿಲ್ಲ. ಎರಡು ದಿನ ಮಂಕು ಕವಿದವರಂತೆ ಓಡಾಡಿದರು. ನಮ್ಮ ವಾರ್ಡಿನ ಮುಂದೆ ಹಾದುಹೋಗುವಾಗ ಈ ಲೇಖಕಿ "ಇನ್ನೇನಣ್ಣಾ ಚಿಂತೆ?" ಎಂದು ಕೇಳಿದ್ದಕ್ಕೆ, "ಏನೂ ಇಲ್ದೇ ಇರೋ ಪೈಪಿಗೆ ಹಿತ್ತಾಳೆ ವಾಲ್ವ್ ಯಾಕ್ ಹಾಕಿದ್ರು ಸಿಸ್ಟರ್? ತಲೆ ಕೆಟ್ಟೋಗಿದೆ ನಂಗೆ" ಎಂದರು. ಈ ಲೇಖಕಿ ಚಹಾ ಕುಡಿಯಿರಿ ಎಂದು ಸಲಹೆ ಕೊಟ್ಟಳು.

ಶುಕ್ರವಾರ ಹತ್ತಕ್ಕೆ ಹತ್ತು ನಿಮಿಷವಿದ್ದಾಗ ಲಾಂಡ್ರಿಯ ಹಿಂದೆ ಕೂಲಿಯಾಳು ಗರಗಸ ಹಿಡಿದು ನಿಂತಿದ್ದ. ಪೈಪಣ್ಣನವರ ಕೈ ವಾಲ್ವಿನ ಮೇಲಿತ್ತು. ಅಷ್ಟರಲ್ಲಿ ಸಿಲಿಂಡರ್ ಕೋಣೆಯವನು ಗೊಣಗುತ್ತಾ ಬಂದ. "ನೋಡಿ ಪೈಪಣ್ಣ, ಬುಧವಾರ ಎಲ್ಲ ವಾರ್ಡಿನೋರೂ ಸೇರ್ಕೊಂಡು ಒಂಬತ್ತು ಸಣ್ಣ ಸಿಲಿಂಡರು ಖಾಲಿ ಮಾಡಿ ಬಿಸಾಕಿದಾರೆ. ಸಂಜೆವರ್ಗೂ ಹಾಕ್ಕೊಂಡಿದ್ರಂತೆ. ತುಂಬ್ಸೋಕೆ ಕಳ್ಸಿದ್ದು ಇನ್ನೂ ವಾಪಸ್ ಬಂದಿಲ್ಲ, ಇವತ್ತು ಯಾರಾದ್ರೂ ಕೇಳಿದ್ರೆ ನಾನೇನ್ ಕೊಡ್ಲಿ?"

ಪೈಪಣ್ಣನವರು ಅವನನ್ನೇ ಕಣ್ಣು ಕಣ್ಣು ಬಿಟ್ಟು ನೋಡಿದರು. "ಹಾಕ್ಕೊಂಡಿದ್ರಾ? ಪಕ್ಕದಲ್ಲಿ ಇಟ್ಕೊಂಡಿರ್ಲಿಲ್ವಾ?"

ಆಮೇಲೆ ಅವರು ಮಾಡಿದ್ದು ಕೂಲಿಯಾಳಿನ ಕೈಯಿಂದ ಗರಗಸವನ್ನು ಕಿತ್ತುಕೊಂಡದ್ದು. ತಾನಿಲ್ಲದಾಗ ಅವನು ಕತ್ತರಿಸಿಬಿಟ್ಟರೆ? ಹಾಗೆಯೇ ಓಡಿದರು. ನಮ್ಮ ವಾರ್ಡಿನ ಬಾಗಿಲು ಧಡಾರನೆ ತೆರೆದಾಗ, ಅರವತ್ತು ವರ್ಷದ ಮನುಷ್ಯ ಕೈಯಲ್ಲಿ ಗರಗಸ ಹಿಡಿದು ಏದುಸಿರು ಬಿಡುತ್ತಾ ನಿಂತಿರುವುದನ್ನು ಕಂಡು ಬಾಣಂತಿಯೊಬ್ಬಳು ಚೀರಿಯೇಬಿಟ್ಟಳು.

"ಸಿಸ್ಟರ್, ಬುಧವಾರ ಮಕ್ಳು ಗೋಡೇಲಿದ್ವಾ, ಸಿಲಿಂಡರಲ್ಲಿದ್ವಾ?"

"ಸಿಲಿಂಡರಲ್ಲೇ ಅಣ್ಣಾ, ನೀವೇನೂ ಹೆದರ್ಕೋಬೇಡಿ. ಹತ್ತೂವರೆಗೇ ಹಾಕಿಬಿಟ್ಟಿದ್ದೆ" ಎಂದಳು ಈ ಲೇಖಕಿ, ಹೆಮ್ಮೆಯಿಂದ.

ಪೈಪಣ್ಣನವರು ಗರಗಸದ ಸಮೇತ ನೆಲದ ಮೇಲೆ ಕೂತರು. ಅವರು ಯಾಕೆ ಕೂತರೆಂದು ಅರ್ಥವಾಗಲು ಈ ಲೇಖಕಿಗೆ ಅರ್ಧ ನಿಮಿಷ ಹಿಡಿಯಿತು. ಬುಧವಾರ ನಾವು ಏನನ್ನೂ ಪರೀಕ್ಷಿಸಿಯೇ ಇರಲಿಲ್ಲ, ಆ ವಾಲ್ವ್ ನಮ್ಮ ವಾರ್ಡಿನದೇ ಆಗಿರಬಹುದಿತ್ತು. ನಾಲ್ಕೂ ಮಕ್ಕಳು ಈಗ ಗೋಡೆಯ ಆಮ್ಲಜನಕದ ಮೇಲಿದ್ದವು. ವಾರ್ಡಿನಲ್ಲಿ ತುಂಬಿದ ಸಿಲಿಂಡರ್ ಇದ್ದದ್ದು ಒಂದೇ ಒಂದು.

ಬೇರೆ ವಾರ್ಡುಗಳಿಂದ ಮೂರು ಸಿಲಿಂಡರ್ ಎರವಲು ತಂದೆವು. ಮಕ್ಕಳನ್ನು ಅವುಗಳಿಗೆ ಹಾಕಿ, ಈ ಸಲ ಗೋಡೆಯ ಮೀಟರೊಂದನ್ನು ಖಾಲಿಯಾಗಿಯೇ ತೆರೆದಿಟ್ಟೆವು. ಗುಂಡು ಮೇಲೇರಿ ತೇಲುತ್ತಿತ್ತು. ಈ ಲೇಖಕಿ ಅದರ ಮುಂದೆ ನಿಂತಳು, ಪೈಪಣ್ಣನವರು ಕೆಳಗೆ ಹೋದರು. "ಮುಚ್ಚಿದೆ" ಎಂದು ಫೋನಿನಲ್ಲಿ ಅವರ ದನಿ ಕೇಳಿತು. ಗುಂಡು ಒಂದೆರಡು ಕ್ಷಣ ನಡುಗಿ, ನಿಧಾನವಾಗಿ ಇಳಿದು, ತಳದಲ್ಲಿ ಕೂತಿತು. ಈ ಲೇಖಕಿ ಅದನ್ನೇ ನೋಡುತ್ತಾ ನಿಂತಳು. "ಸಿಸ್ಟರ್? ಸಿಸ್ಟರ್?" ಎಂದು ಅವರು ಎರಡು ಸಲ ಕೇಳಿದ ಮೇಲೆ, "ನಮ್ದೇ ಅಣ್ಣಾ. ಅದು ನಮ್ ಮಕ್ಳದ್ದೇ" ಎಂದಳು. ಕೆಳಗೆ ಅವರು ವಾಲ್ವನ್ನು ತೆರೆದರು. ಗುಂಡು ಮತ್ತೆ ಮೇಲೇರಿತು. ಮೆಟ್ಟಿಲ ಕೆಳಗಿನ ವಾಲ್ವಿನಿಂದ ನಮ್ಮ ವಾರ್ಡಿಗೆ ಇಪ್ಪತ್ತೊಂದು ವರ್ಷದಿಂದ ಏನೂ ಬರುತ್ತಿರಲಿಲ್ಲವೆಂಬುದು ಆಮೇಲೆ ಪರೀಕ್ಷಿಸಿದಾಗ ತಿಳಿಯಿತು.

ಅವರು ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಈ ಲೇಖಕಿಗೆ ಎಷ್ಟೋ ಹಗುರವಾಗುತ್ತಿತ್ತು. ಮೂರನೆಯ ದಿನ ತಡೆಯಲಾರದೆ ಅವರನ್ನೇ ಕೇಳಿದಳು: "ಇಷ್ಟು ವರ್ಷ ಯಾಕಣ್ಣಾ ಯಾರನ್ನೂ ಕೇಳ್ಲಿಲ್ಲ ನೀವು?" ಅವರು "ಕೇಳಿದ್ರೆ ನಿಮಗೆಲ್ಲ ಭಯ ಆಗ್ತಿತ್ತು ಅಂತ" ಎಂದರು. ಮರುಕ್ಷಣವೇ ತಲೆಯಾಡಿಸಿದರು. "ಇಲ್ಲ ಸಿಸ್ಟರ್, ಸುಳ್ಳು. ನಾಚ್ಕೆ ಆಗ್ತಿತ್ತು. ಪೈಪಣ್ಣಂಗೆ ಎಲ್ಲಾ ಗೊತ್ತು ಅಂತಿದ್ರಲ್ಲ ಎಲ್ರೂ." ಎಲ್ಲಾ ಗೊತ್ತು ಎಂದು ದಿನಕ್ಕೆ ಹತ್ತು ಸಲ ಅಂದವರಲ್ಲಿ ಈ ಲೇಖಕಿಯೂ ಒಬ್ಬಳು. ಹೊಗಳಿಕೆಯಿಂದ ಒಬ್ಬ ಮನುಷ್ಯನ ಬಾಯಿ ಕಟ್ಟಿಹಾಕಬಹುದೆಂದು ತಿಳಿದ ಮೇಲೆ, ಅಭಿನಂದನ ಲೇಖನವನ್ನು ಹೇಗೆ ಬರೆಯಬೇಕೋ ಅವಳಿಗೆ ನಿಜವಾಗಿಯೂ ತೋಚುತ್ತಿಲ್ಲ. ಆದರೂ ಬರೆದಿದ್ದಾಳೆ.

ಮೊನ್ನೆ ಮಧ್ಯಾಹ್ನ ಪೈಪಣ್ಣನವರು ಕೈ ತೊಳೆದು, ಮುಖಗವಸು ಕಟ್ಟಿಕೊಂಡು ನಮ್ಮ ವಾರ್ಡಿಗೆ ಬಂದರು. ಏನು ಕೆಟ್ಟಿದೆಯೆಂದು ಕೇಳಿದರೆ ಏನೂ ಕೆಟ್ಟಿಲ್ಲ ಎಂದರು. ಗೋಡೆಯ ಆ ಕಡೆಯೇ ಇಷ್ಟು ವರ್ಷ ಕಳೆದೆ, ಈ ಕಡೆ ಸರಿಯಾಗಿ ನಿಂತು ನೋಡಿಯೇ ಇಲ್ಲ, ಒಂದು ಸಲ ನೋಡಬಹುದೇ ಎಂದು ಕೇಳಿದರು. ಈ ಲೇಖಕಿ ಆ ಪುಟ್ಟ ಹೆಣ್ಣುಮಗುವಿನ ಬಳಿಗೆ ಕರೆದೊಯ್ದಳು. ಅವರು ಮೀಟರಿನಲ್ಲಿ ತೇಲುತ್ತಿದ್ದ ಗುಂಡನ್ನು ನೋಡಿದರು, ಕೂದಲಿನಷ್ಟು ತೆಳ್ಳಗಿನ ನಳಿಕೆಯನ್ನು ನೋಡಿದರು, ಮಗುವಿನ ಎದೆಯನ್ನು ಬಹಳ ಹೊತ್ತು ನೋಡಿದರು.

"ಇದಕ್ಕೆ ಎಷ್ಟು ಬೇಕು ಸಿಸ್ಟರ್?"

"ನಿಮಿಷಕ್ಕೆ ಅರ್ಧ ಲೀಟರ್ ಅಣ್ಣಾ."

"ಇಷ್ಟೇನಾ?" ಎಂದರು. "ಇಷ್ಟೇ ಇಷ್ಟಾ?" ಅಷ್ಟು ಹೇಳುವುದರೊಳಗೆ ಅವರ ಮುಖಗವಸು ಒದ್ದೆಯಾಯಿತು.

ನಾಳೆಯ ಸಮಾರಂಭದಲ್ಲಿ ಶಾಲು ಹೊದಿಸಿಕೊಳ್ಳಲು ಅವರು ಒಪ್ಪಿದ್ದಾರೆ. ಹೊಸ ಕಟ್ಟಡ ಮುಗಿಯುವ ತನಕ ದಿನಕ್ಕೊಂದು ಗಂಟೆ ಬಂದು ಎಂಜಿನಿಯರ್ ಮೇಡಂ ಜೊತೆ ಗೋಡೆಗಳನ್ನು ಸುತ್ತುವುದಕ್ಕೂ ಒಪ್ಪಿದ್ದಾರೆ. ಹಸ್ತಾಂತರದ ಪತ್ರದಲ್ಲಿ "ಎಲ್ಲ ಮಾಹಿತಿಯನ್ನು ಸಂಪೂರ್ಣವಾಗಿ ನೀಡಿದ್ದೇನೆ" ಎಂದು ಅಚ್ಚಾಗಿದ್ದ ಸಾಲನ್ನು ಹೊಡೆದುಹಾಕಿ, "ಗೊತ್ತಿದ್ದದ್ದನ್ನು ಹೇಳಿದ್ದೇನೆ, ಇನ್ನೂ ಇರಬಹುದು" ಎಂದು ಬರೆದು ಸಹಿ ಮಾಡಿದ್ದಾರೆ. ಅಂಥವರಿಗೆ ಆಯುಷ್ಯವೂ ಆರೋಗ್ಯವೂ ತುಂಬಿ ಬರಲಿ, ಅವರ ಮೊಣಕಾಲು ನೋವು ದೂರವಾಗಲಿ, ಅವರ ಮನೆಯ ನಲ್ಲಿಗಳನ್ನಾದರೂ ಇನ್ನೊಬ್ಬರು ರಿಪೇರಿ ಮಾಡಲಿ, ಬಹುಕಾಲ ನಮ್ಮೊಡನಿದ್ದು ಅವರು ಕೇಳುತ್ತಿರಲಿ, ನಾವೂ ನಾಚದೆ ಕೇಳುವಂತಾಗಲಿ ಎಂದು ಇಡೀ ಆಸ್ಪತ್ರೆಯ ಪರವಾಗಿ ಈ ಲೇಖಕಿ ಹೃತ್ಪೂರ್ವಕವಾಗಿ ಹಾರೈಸುತ್ತಾಳೆ. ಇವತ್ತು ಬೆಳಿಗ್ಗೆ ಆ ಹೆಣ್ಣುಮಗುವಿನ ನಳಿಕೆ ತೆಗೆದೆವು. ಒಂದು ಗಂಟೆ ಕಾದೆವು, ಎರಡು ಗಂಟೆ ಕಾದೆವು. ಅದು ತಾನಾಗಿಯೇ ಉಸಿರಾಡುತ್ತಿದೆ.